ಅಜ್ಜಿಯ ಲಿಂಗ, ಸಿದ್ಧರಾಮನ ದೀಕ್ಷೆ

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಒಬ್ಬಟ್ಟು ಬಡಿಸ್ತಾ ಅಮ್ಮ ಕೇಳಿದ್ಲು: “ಮಗೀಗೆ ಎಂಟು ತುಂಬ್ತಾ ಬಂತು. ದೀಕ್ಷೆ ಯಾವಾಗ ಮಾಡ್ಸೋದು?”

ನಾನು ತಟ್ಟೆ ನೋಡ್ತಾ ಕೂತೆ. ಹೆಂಡತಿ ನನ್ನ ಮುಖ ನೋಡಿದಳು. ಬೆಂಗಳೂರಿನ ಮನೆಯಲ್ಲಿ ಸ್ಕೂಲ್ ಫೀಸು, ಸ್ವಿಮ್ಮಿಂಗ್ ಕ್ಲಾಸು, ಮನೆ ಸಾಲದ ಕಂತು ಎಲ್ಲದರ ಬಗ್ಗೆ ಮಾತಾಡಿದ್ದೇವೆ. ಇದರ ಬಗ್ಗೆ ಮಾತ್ರ ಒಂದು ಸಲವೂ ಮಾತಾಡಿರಲಿಲ್ಲ. “ನೋಡೋಣ ಬಿಡಮ್ಮ” ಅಂತ ಹೇಳಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ತಪ್ಪಿಸಿಕೊಳ್ಳೋದಕ್ಕೆ ಅಷ್ಟು ಸುಲಭದ ದಾರಿ ಬೇರೆ ಇರಲಿಲ್ಲ.

ನಮ್ಮದು ತುಮಕೂರು ಸೀಮೆಯ ಒಂದು ಸಣ್ಣ ಊರು. ನಮ್ಮಲ್ಲಿ ಗುರುಗಳ ಕೈಯಿಂದ ಇಷ್ಟಲಿಂಗ ಪಡೆದು ಕೊರಳಿಗೆ ಕಟ್ಟಿಕೊಳ್ಳೋದು ರೂಢಿ. ನನಗೂ ಕಟ್ಟಿದ್ದರು. ಪಿಯುಸಿ ತನಕ ಇತ್ತು. ಬಿಇ ಸೇರಿ ಹಾಸ್ಟೆಲಿಗೆ ಹೋದ ಮೇಲೆ ಒಂದು ದಿನ ಕ್ರಿಕೆಟ್ ಆಡುವಾಗ ತೆಗೆದು ಗೋಡೆಯ ಮೊಳೆಗೆ ನೇತು ಹಾಕಿದೆ. ಅಲ್ಲಿಂದ ಸೂಟ್‌ಕೇಸಿಗೆ ಹೋಯ್ತು. ಈಗ ಟೇಬಲ್ ಡ್ರಾಯರಿನಲ್ಲಿ ಪಾಸ್‌ಪೋರ್ಟು, ಹಳೇ ಚಾರ್ಜರುಗಳ ಜೊತೆ ಇದೆ. ಬಿಸಾಕೋ ಧೈರ್ಯ ಇಲ್ಲ, ಕಟ್ಟಿಕೊಳ್ಳೋ ಮನಸ್ಸಿಲ್ಲ. ನನ್ನ ವಯಸ್ಸಿನ ಎಷ್ಟೋ ಜನರ ನಂಬಿಕೆ ಹೀಗೇ ಯಾವುದೋ ಡ್ರಾಯರಿನಲ್ಲಿ ಇರುತ್ತೆ ಅನ್ನೋದು ನನ್ನ ಅನುಮಾನ. ಹೆಸರು ಬೇರೆ ಇರಬಹುದು ಅಷ್ಟೆ: ಜನಿವಾರ, ಶಿಲುಬೆ, ತಾಯತ.

ನಾನು ಹತ್ತಿರದಿಂದ ನೋಡಿದ ನಂಬಿಕೆ ಅಂದರೆ ಅಜ್ಜಿಯದು. ಬೆಳಗ್ಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಮಣೆ ಮೇಲೆ ಕೂರೋಳು. ಹಣೆಗೆ ವಿಭೂತಿ ಹಚ್ಚಿ, ಬೆಳ್ಳಿ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಎಡಗೈ ಅಂಗೈ ಮೇಲೆ ಇಟ್ಟುಕೊಳ್ಳೋಳು. ಒಂದಿಷ್ಟು ನೀರು, ಒಂದು ಹೂವು. ಆಮೇಲೆ ಸುಮ್ಮನೆ ಅದನ್ನೇ ನೋಡ್ತಾ ಕೂತುಬಿಡೋಳು. ಎಷ್ಟೋ ಸಲ ಏನೂ ಹೇಳ್ತಿರಲಿಲ್ಲ, ತುಟಿಯೂ ಆಡ್ತಿರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಕಟ್ಟಿ ಎದ್ದು ಒಲೆ ಹಚ್ಚೋಳು. “ಏನಜ್ಜಿ ಕೇಳ್ಕೊಂಡೆ?” ಅಂದ್ರೆ, “ಕೇಳೋದೇನೈತೆ ಮಗಾ, ಮಾತಾಡಿಸ್ದೆ ಅಷ್ಟೆ” ಅನ್ನೋಳು. ಅವಳಿಗೆ ಓದು ಬರಹ ಬರ್ತಿರಲಿಲ್ಲ.

ಅಜ್ಜಿ ತೀರಿಕೊಂಡಾಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಸಮಾಧಿ ಕ್ರಿಯೆಗೆ ಯಾವ ಮಠದ ಅಯ್ನೋರು ಬರಬೇಕು ಅಂತ ಜಗಳ ಶುರುವಾಯ್ತು. ನಮ್ಮ ಒಳಪಂಗಡಕ್ಕೆ ಇವರೇ ಅಂತ ಒಂದು ಗುಂಪು, ಇಲ್ಲ ಅವರೇ ಅಂತ ಇನ್ನೊಂದು ಗುಂಪು. ಎಲ್ಲ ನೆಂಟರೇ. ಬೆಳಗ್ಗೆ ಹೋದ ಜೀವ, ಸಂಜೆ ತನಕ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊನೆಗೆ ಕತ್ತಲಾಗೋ ಹೊತ್ತಿಗೆ ಗುಣಿಯಲ್ಲಿ ಕೂರಿಸಿ, ಅಂಗೈಯಲ್ಲಿ ಅವಳದೇ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದರು. ಅವತ್ತೇ ತೀರ್ಮಾನ ಮಾಡಿದ್ದೆ. ಅಜ್ಜಿಯ ನಂಬಿಕೆ ಅಜ್ಜಿಯದು, ಅದಕ್ಕೆ ಈ ಜನರ ಅವಶ್ಯಕತೆ ಇಲ್ಲ. ನಂಬಿಕೆ ಬೇರೆ, ಧರ್ಮ ಬೇರೆ. ಆಫೀಸಿನ ಕ್ಯಾಂಟೀನಿನಲ್ಲಿ ಈ ವಾಕ್ಯ ಹೇಳಿ ಎಷ್ಟು ಸಲ ಭೇಷ್ ಅನ್ನಿಸಿಕೊಂಡಿದ್ದೀನೋ ಲೆಕ್ಕವಿಲ್ಲ.

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕೋಣ ಅಂತ ಒಂದಿಷ್ಟು ಇತಿಹಾಸ ಓದೋಕೆ ಕೂತೆ. ನನ್ನ ವಾಕ್ಯಕ್ಕೆ ಸಾಕ್ಷಿ ಸಿಗುತ್ತೆ ಅಂದುಕೊಂಡಿದ್ದೆ. ಸಿಕ್ಕಿತು, ಆದರೆ ಅರ್ಧಕ್ಕೆ ಮಾತ್ರ.

ಹನ್ನೆರಡನೇ ಶತಮಾನದಿಂದ ಶುರು ಮಾಡೋಣ. ಆ ಕಾಲದಲ್ಲಿ ದೇವಸ್ಥಾನ ಅಂದರೆ ಕೈಮುಗಿದು ಬರೋ ಜಾಗ ಮಾತ್ರ ಆಗಿರಲಿಲ್ಲ. ಅದಕ್ಕೆ ಜಮೀನಿತ್ತು, ಆದಾಯವಿತ್ತು, ಲೆಕ್ಕ ಬರೆಯೋರಿದ್ದರು, ಅಡುಗೆಯವರು, ವಾದ್ಯದವರು, ನರ್ತಕಿಯರು ಇದ್ದರು. ನಂದಾದೀವಿಗೆಗೆ ಎಣ್ಣೆ ಬರೋಕೆ ಗಾಣದವರಿಂದ ಪಾಲು ಗೊತ್ತು ಮಾಡಿದ ಶಾಸನಗಳಿವೆ. ಇವತ್ತಿನ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವೇ ದೇವಾಲಯಗಳ ಚಕ್ರವರ್ತಿ ಅಂತ ಹೊಗಳುತ್ತೆ. ಒಮ್ಮೆ ಹೋಗಿ ನೋಡಿ, ಹೊಗಳಿಕೆ ಜಾಸ್ತಿ ಅನ್ನಿಸೋದಿಲ್ಲ. ಆದರೆ ಅಂಥ ಗುಡಿ ಕಟ್ಟಿಸೋಕೆ ದಂಡನಾಯಕನೇ ಆಗಿರಬೇಕು. ಒಳಗೆ ಎಲ್ಲಿ ತನಕ ಹೋಗಬಹುದು ಅನ್ನೋದನ್ನ ನಿಮ್ಮ ಹುಟ್ಟು ಹೇಳ್ತಿತ್ತು.

ಬಸವಣ್ಣ ಮತ್ತು ಅವರ ಜೊತೆಗಾರರು ಕಲ್ಯಾಣದಲ್ಲಿ ಮಾಡಿದ ಕೆಲಸವನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕು. ಕಲ್ಯಾಣ ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ತಿದ್ದ ಬಸವಣ್ಣ ಲೆಕ್ಕಾಚಾರ ಬಲ್ಲ ಮನುಷ್ಯ. ಗುಡಿಗೆ ಹೋಗಲಾರದವನ ಅಂಗೈಗೇ ದೇವರು ಬಂದ. ನಡುವೆ ಪೂಜಾರಿ ಇಲ್ಲ, ಗರ್ಭಗುಡಿ ಇಲ್ಲ, ಹೊಸಿಲು ಇಲ್ಲ. ದೇವರಿಗೂ ಮನುಷ್ಯನಿಗೂ ನಡುವಿನ ದೂರ ಒಂದು ಮೊಳ.

ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅಂಕಿತಗಳ ವಿಷಯ. ವಚನದ ಕೊನೆಗೆ ಬರೋ ದೇವರ ಹೆಸರೇ ಅಂಕಿತ. ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಬಟ್ಟೆ ಒಗೆಯೋ ಮಾಚಯ್ಯನಿಗೆ ಕಲಿದೇವರದೇವ. ಶಿವ ಒಬ್ಬನೇ, ಆದರೆ ಕರೆಯೋ ಹೆಸರು ಒಬ್ಬೊಬ್ಬರಿಗೂ ಬೇರೆ. ದೋಣಿ ನಡೆಸೋ ಚೌಡಯ್ಯನಂತೂ ದೇವರ ಹೆಸರಿನ ಗೊಡವೆಗೇ ಹೋಗದೆ ‘ಅಂಬಿಗರ ಚೌಡಯ್ಯ’ ಅಂತ ತನ್ನ ಹೆಸರನ್ನೇ ಹಾಕಿಕೊಂಡ. ಸೂಳೆ ಸಂಕವ್ವೆ ಅನ್ನೋ ಹೆಣ್ಣುಮಗಳ ದೇವರ ಹೆಸರು ನಿರ್ಲಜ್ಜೇಶ್ವರ. ಯಾವ ಪುರಾಣದ ಹಂಗೂ ಇಲ್ಲದೆ, ತನ್ನ ಬದುಕನ್ನ ನೋಡಿ ತಾನೇ ಇಟ್ಟ ಹೆಸರಿನ ಹಾಗಿದೆ ಅದು. ಲಜ್ಜೆ ಇಲ್ಲದವಳು ಅಂತ ಊರು ಬೈದಿದ್ದರೆ, ನನ್ನ ದೇವರಿಗೂ ಅದಿಲ್ಲ ಹೋಗಿ ಅಂದ ಹಾಗೆ. ಒಬ್ಬೊಬ್ಬರ ನಂಬಿಕೆಗೆ ಇಷ್ಟೊಂದು ಜಾಗ ಕೊಟ್ಟ ಕಾಲ ನಮ್ಮ ಇತಿಹಾಸದಲ್ಲಿ ಇನ್ನೊಂದು ಇದೆಯಾ ಅಂತ ಯೋಚಿಸಿದೆ. ಸುಲಭವಾಗಿ ನೆನಪಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಕ್ಯಾಂಟೀನ್ ವಾಕ್ಯ ಗೆದ್ದಂತೆಯೇ. ಆದರೆ ಇದೇ ವರ್ಷಗಳ ಇನ್ನೊಂದು ಶಾಸನ ಕಣ್ಣಿಗೆ ಬಿತ್ತು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯಮಠ ಇತ್ತು. ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠ ಏನೇನು ಮಾಡ್ತಿತ್ತು ಅಂತ ಪಟ್ಟಿ ಕೊಡುತ್ತೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯೋ ಜಾಗ ಅದು. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕೋ ಜಾಗ. ಯಾರೂ ಇಲ್ಲದ ರೋಗಿಗಳಿಗೆ ಔಷಧಿ ಕೊಡೋ ಜಾಗ. ಅಂದರೆ ಕಲ್ಯಾಣದಲ್ಲಿ ಶರಣರು ಸ್ಥಾವರದ ವಿರುದ್ಧ ಮಾತಾಡ್ತಿದ್ದ ಹೊತ್ತಿನಲ್ಲೇ, ಬಳ್ಳಿಗಾವಿಯ ಒಂದು ಸ್ಥಾವರದ ಅಡುಗೆಮನೆಯಲ್ಲಿ ಕುರುಡನೊಬ್ಬನಿಗೆ ಊಟ ಸಿಗ್ತಿತ್ತು. ಶಾಸನ ಅಂದರೆ ಸ್ವಲ್ಪ ಜಾಹೀರಾತೂ ಇರುತ್ತೆ, ಒಪ್ಪಿದೆ. ಆದರೆ ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಒಂದು ಧಾರ್ಮಿಕ ಸಂಸ್ಥೆ ಜಂಬ ಕೊಚ್ಚಿಕೊಳ್ಳೋಕೆ ಆರಿಸಿಕೊಂಡ ವಿಷಯ ಯಾವುದು ಅನ್ನೋದನ್ನೂ ಗಮನಿಸಬೇಕಲ್ವಾ?

ಅದನ್ನ ಓದಿದಾಗ ಅಪ್ಪ ನೆನಪಾದರು. ಅಪ್ಪ ಹೈಸ್ಕೂಲು ಓದಿದ್ದು ಸಿದ್ಧಗಂಗಾ ಮಠದ ಹಾಸ್ಟೆಲಿನಲ್ಲಿ. ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೇ ಕಷ್ಟ ಇದ್ದ ಕಾಲ ಅದು. 1907ರಲ್ಲಿ ಹುಟ್ಟಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಓದು ಕೊಟ್ಟರು ಅನ್ನೋದು ಎಲ್ಲರಿಗೂ ಗೊತ್ತು. ಅಪ್ಪ ಪೂಜೆ ಪುನಸ್ಕಾರದ ಮನುಷ್ಯ ಅಲ್ಲ. ಆದರೆ ಮಠದ ಸುದ್ದಿ ಬಂದರೆ ಧ್ವನಿ ಬದಲಾಗುತ್ತೆ. “ಅಲ್ಲಿ ತಟ್ಟೆ ಮುಂದೆ ಕೂತಾಗ ನೀನು ಯಾರ ಪೈಕಿ ಅಂತ ಯಾರೂ ಕೇಳ್ಲಿಲ್ಲ ಕಣೋ” ಅಂತಾರೆ. ಅಪ್ಪ ಓದದೆ ಇದ್ದಿದ್ದರೆ ನಾನು ಬಿಇ ಮಾಡ್ತಿರಲಿಲ್ಲ. ಸಂಸ್ಥೆ ಬೇಡ, ನಂಬಿಕೆ ಸಾಕು ಅಂತ ನಾನು ಹೇಳೋ ಕ್ಯಾಂಟೀನಿನ ಕುರ್ಚಿ ಇದೆಯಲ್ಲ, ಅದರ ಕೆಳಗೆ ಒಂದು ಮಠದ ಮುದ್ದೆ ಸಾರು ಇದೆ.

ಸರಿ, ಅನ್ನ ಹಾಕೋಕೆ ಸಂಸ್ಥೆ ಬೇಕು, ನಂಬಿಕೆಗಲ್ಲ ಅಂತ ಇನ್ನೂ ವಾದ ಮಾಡಬಹುದಿತ್ತು. ಆದರೆ ವಚನಗಳಿಗೆ ಮುಂದೆ ಏನಾಯ್ತು ಅಂತ ನೋಡಿದಾಗ ಆ ವಾದವೂ ಪೂರ್ತಿ ನಿಲ್ಲಲಿಲ್ಲ.

1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಕಲ್ಯಾಣ ಗಲಭೆಯಲ್ಲಿ ಮುಳುಗಿತು. ಬಸವಣ್ಣ ಕೂಡಲಸಂಗಮಕ್ಕೆ, ಚೆನ್ನಬಸವಣ್ಣ ಉಳವಿಗೆ ಹೋದರು ಅಂತ ಪರಂಪರೆ ಹೇಳುತ್ತೆ. ಶರಣರು ದಿಕ್ಕಿಗೊಬ್ಬರಾದರು. ಬಾಯಲ್ಲಿ ಹುಟ್ಟಿದ ಮಾತು ಬಾಯಲ್ಲೇ ಸಾಯೋದು ಸಹಜ. ಆ ಅಂಬಿಗನ ಮಾತು, ಆ ಸಂಕವ್ವೆಯ ಮಾತು ನನ್ನ ಲ್ಯಾಪ್‌ಟಾಪಿನ ಪರದೆಗೆ ಬಂದಿದ್ದು ಹೇಗೆ?

ಉತ್ತರ: ಸಂಘಟಿತ ಧರ್ಮ ತಂದುಕೊಟ್ಟಿತು.

ಹದಿನೈದನೇ ಶತಮಾನದಲ್ಲಿ ವಿಜಯನಗರವನ್ನು ಪ್ರೌಢದೇವರಾಯ ಆಳ್ತಿದ್ದ, 1424ರಿಂದ 1446ರವರೆಗೆ. ಆ ಕಾಲದಲ್ಲಿ ನೂರೊಂದು ವಿರಕ್ತರು ಇದ್ದರು ಅನ್ನೋದು ವೀರಶೈವ ಪರಂಪರೆಯ ಮಾತು. ಸಂಖ್ಯೆ ಹೇಗಾದರೂ ಇರಲಿ, ಆಗ ನಡೆದ ಕೆಲಸ ದೊಡ್ಡದು. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಆಸ್ಥಾನದ ದೊಡ್ಡವರೇ ಇದರಲ್ಲಿ ತೊಡಗಿಕೊಂಡರು. ಚದುರಿಹೋಗಿದ್ದ ವಚನಗಳನ್ನು ಹುಡುಕಿ, ಓಲೆಗರಿಗೆ ಇಳಿಸಿ, ವಿಂಗಡಿಸಿ, ವ್ಯಾಖ್ಯಾನ ಬರೆದರು. ಮುಂದೆ ನಮ್ಮ ತುಮಕೂರು ಸೀಮೆಯಲ್ಲೇ ತೋಂಟದ ಸಿದ್ಧಲಿಂಗ ಯತಿಗಳು ಮತ್ತು ಅವರ ಶಿಷ್ಯರು ಇದನ್ನ ಮುಂದುವರಿಸಿದರು. ಬೆಂಗಳೂರಿನಿಂದ ಹಾಸನದ ಕಡೆ ಹೋಗುವಾಗ ಸಿಗುತ್ತಲ್ಲ ಎಡೆಯೂರು, ಅಲ್ಲಿರೋದು ಅವರದೇ ಗದ್ದುಗೆ. ನಾವು ಹುಡುಗರಾಗಿದ್ದಾಗ ಅಲ್ಲಿಗೆ ಹೋಗ್ತಿದ್ದಿದ್ದು ದಾಸೋಹದ ಊಟಕ್ಕೆ. ವಚನ ಉಳಿಸಿದವರು ಅಂತ ಯಾರೂ ಹೇಳಿರಲಿಲ್ಲ.

ಅಂದರೆ ಯಾರೋ ಒಬ್ಬರು ಒಂಟಿಯಾಗಿ ದೇವರ ಜೊತೆ ಆಡಿದ ಮಾತನ್ನ ಇನ್ನೂರೈವತ್ತು ವರ್ಷ ಆದ ಮೇಲೆ ಒಂದು ವ್ಯವಸ್ಥೆ ಬ್ಯಾಕಪ್ ಮಾಡಿತು. ರಾಜಾಶ್ರಯ, ಮಠ, ಗುರುಪರಂಪರೆ, ನಕಲು ಮಾಡೋ ಶಿಷ್ಯರು ಎಲ್ಲ ಇದ್ದಿದ್ದಕ್ಕೆ ಆಯ್ತು. ನಾನೊಬ್ಬನೇ ನನ್ನ ನಂಬಿಕೆಯೊಬ್ಬನೇ ಅನ್ನೋ ಮನುಷ್ಯ ಓಲೆಗರಿ ನಕಲು ಮಾಡಿಸೋದಿಲ್ಲ. ಅಜ್ಜಿಯ ಲಿಂಗ ಅಜ್ಜಿಯ ಅಂಗೈಯಲ್ಲೇ ಮಣ್ಣಿಗೆ ಹೋಯ್ತು. ಅದರ ಜೊತೆ ಅವಳು ಮಾತಾಡಿಸಿದ್ದೆಲ್ಲ ಹೋಯ್ತು. ಸೂಳೆ ಸಂಕವ್ವೆಯದು ಹೋಗಲಿಲ್ಲ. ಉಳಿದಿರೋದು ಒಂದೇ ಒಂದು ವಚನ. ಆ ಒಂದನ್ನ ಯಾರೋ ಬರೆದಿಟ್ಟರು.

ಹಾಗಂತ ಬ್ಯಾಕಪ್ ಮಾಡಿದವರು ಬರೀ ಬ್ಯಾಕಪ್ ಮಾಡಿ ಸುಮ್ಮನಿರಲಿಲ್ಲ. ಅದೇ ಈ ಕಥೆಯ ಇನ್ನೊಂದು ಮುಖ. ಅವರು ವಚನಗಳನ್ನ ಭಕ್ತಸ್ಥಲ, ಮಹೇಶಸ್ಥಲ ಅಂತ ಷಟ್‌ಸ್ಥಲದ ಚೌಕಟ್ಟಿಗೆ ಹೊಂದಿಸಿದರು. ಯಾವುದೋ ಮಧ್ಯಾಹ್ನ, ಯಾವುದೋ ಸಿಟ್ಟಿನಲ್ಲೋ ಸಂಕಟದಲ್ಲೋ ಹುಟ್ಟಿದ ಮಾತು ಸಿದ್ಧಾಂತದ ಇಂತಿಷ್ಟನೇ ಮೆಟ್ಟಿಲಿಗೆ ಉದಾಹರಣೆಯಾಯ್ತು. ಶರಣರು ಒಟ್ಟಿಗೆ ಕೂತು ಚರ್ಚಿಸಿದ ಹಾಗೆ ವಚನಗಳನ್ನ ಜೋಡಿಸಿ ‘ಶೂನ್ಯಸಂಪಾದನೆ’ ಬರೆದರು. ನಮ್ಮ ಕಣ್ಣ ಮುಂದಿರೋ ಅನುಭವ ಮಂಟಪದ ಚಿತ್ರ ಹೆಚ್ಚಾಗಿ ಅಲ್ಲಿಂದಲೇ ಬಂದಿದ್ದು.

ಈ ಶೂನ್ಯಸಂಪಾದನೆಯಲ್ಲೇ ನನ್ನ ಮಗಳ ಪ್ರಶ್ನೆಯೂ ಇತ್ತು. ನಿಜವಾಗಿ ಹೇಳ್ತೀನಿ, ಓದಿದಾಗ ಬೆಚ್ಚಿಬಿದ್ದೆ.

ಸೊನ್ನಲಿಗೆಯ ಸಿದ್ಧರಾಮನ ಹೆಸರು ಕೇಳಿರ್ತೀರಿ. ಸೊನ್ನಲಿಗೆ ಅಂದರೆ ಇವತ್ತು ಮಹಾರಾಷ್ಟ್ರದಲ್ಲಿರೋ ಸೊಲ್ಲಾಪುರ. ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ ಕರ್ಮಯೋಗಿ. ಈಗಲೂ ಸಂಕ್ರಾಂತಿ ಹೊತ್ತಿಗೆ ಅಲ್ಲಿ ದೊಡ್ಡ ಜಾತ್ರೆ ಆಗುತ್ತೆ. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮ ಅಲ್ಲಿಗೆ ಹೋಗಿ ವಾದಿಸಿ, ಕಟ್ಟೋದರಲ್ಲೇ ಮುಳುಗಿದ್ದ ಸಿದ್ಧರಾಮನನ್ನ ಕಲ್ಯಾಣಕ್ಕೆ ಕರ್ಕೊಂಡು ಬರ್ತಾನೆ. ಸಿದ್ಧರಾಮ ದೊಡ್ಡ ಜ್ಞಾನಿ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅವನ ಕೊರಳಲ್ಲಿ ಇಷ್ಟಲಿಂಗ ಇಲ್ಲ!

ಈಗೇನು ಮಾಡೋದು? ಒಳಗೆ ಅರಿವು ಇರೋನಿಗೆ ಹೊರಗಿನ ಗುರುತು ಬೇಕಾ? ಶೂನ್ಯಸಂಪಾದನೆ ಒಂದಲ್ಲ, ನಾಲ್ಕು ಇವೆ. ಮೊದಲು ಬರೆದವನು ಶಿವಗಣಪ್ರಸಾದಿ ಮಹಾದೇವಯ್ಯ. ಅವನ ಪುಸ್ತಕದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗೋದೇ ಇಲ್ಲ. ಅವನಿಗೆ ಅದು ಕೊರತೆ ಅನ್ನಿಸಿರಲಿಲ್ಲ. ಆಮೇಲೆ ಬಂದ ಹಲಗೆಯಾರ್ಯನಿಗೆ ಅನ್ನಿಸಿತು. ಅವನು ಅದೇ ಕೃತಿಯನ್ನ ತಿದ್ದಿ, ಚೆನ್ನಬಸವಣ್ಣನ ಕೈಯಿಂದ ಸಿದ್ಧರಾಮನಿಗೆ ದೀಕ್ಷೆ ಕೊಡಿಸೋ ಪ್ರಸಂಗ ಸೇರಿಸಿದ. ನಂತರದ ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣಾರ್ಯ ಇಬ್ಬರೂ ದೀಕ್ಷೆಯನ್ನ ಉಳಿಸಿಕೊಂಡರು. ಗೂಳೂರು ಅಂದರೆ ತುಮಕೂರಿನ ಪಕ್ಕದ, ಗಣಪತಿಗೆ ಹೆಸರಾದ ಅದೇ ಗೂಳೂರು. ಇವತ್ತು ಹೆಚ್ಚು ಜನ ಓದೋದು ಈ ಕೊನೆಯದನ್ನೇ.

ಯೋಚನೆ ಮಾಡಿ. ಸಿದ್ಧರಾಮ ಬದುಕಿ ಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಒಬ್ಬರು ಅವನ ಕೊರಳಿಗೆ ಲಿಂಗ ಕಟ್ಟಿದರು. ಗುಂಪಿಗೆ ಅವನು ಬೇಕಿತ್ತು, ಆದರೆ ಅವನು ಇದ್ದ ಹಾಗೆ ಬೇಕಿರಲಿಲ್ಲ. ಅಜ್ಜಿಯನ್ನ ಸಂಜೆ ತನಕ ಕೂರಿಸಿದ್ದೂ ಇದೇ ತಾನೆ? ಅವಳು ಯಾರ ಲೆಕ್ಕಕ್ಕೆ ಸೇರ್ತಾಳೆ ಅನ್ನೋ ಜಗಳ. ಮಾತು ಉಳಿಸೋ ಕೈಯೇ ಮಾತಿನ ಮೇಲೆ ಮುದ್ರೆಯನ್ನೂ ಒತ್ತುತ್ತೆ. ಎರಡನ್ನೂ ಮಾಡೋದು ಒಂದೇ ಕೈ. ನನಗೆ ಬೇಕಾದ್ದು ಮೊದಲನೆಯದು ಮಾತ್ರ ಅಂದ್ರೆ ಇತಿಹಾಸ ಹಾಗೆ ಬಿಡಿಬಿಡಿಯಾಗಿ ಸಿಗೋದಿಲ್ಲ.

ಆದರೆ ಇನ್ನೊಂದು ವಿಷಯವೂ ಇದೆ. ಹಲಗೆಯಾರ್ಯ ತಿದ್ದಿದ, ಸರಿ. ಮಹಾದೇವಯ್ಯನ ಹಳೇ ಪ್ರತಿ ಅಳಿದುಹೋಗಲಿಲ್ಲ. ಅದೂ ಉಳಿದು ಬಂದು ಅಚ್ಚಾಯ್ತು. ದೀಕ್ಷೆ ಇಲ್ಲದ ಸಿದ್ಧರಾಮನೂ ಇದ್ದಾನೆ, ದೀಕ್ಷೆ ಆದ ಸಿದ್ಧರಾಮನೂ ಇದ್ದಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಳೇ ವರ್ಷನ್ ಡಿಲೀಟ್ ಆಗಿಲ್ಲ. ಯಾವುದನ್ನ ತೆರೆದು ಓದಬೇಕು ಅನ್ನೋದು ನಮಗೆ ಬಿಟ್ಟಿದ್ದು.

ತೆರೆದು ಓದೋರು ಇಲ್ಲದಿದ್ದರೆ ಬ್ಯಾಕಪ್ ಇದ್ದೂ ಪ್ರಯೋಜನವಿಲ್ಲ ಅನ್ನೋದಕ್ಕೂ ಇತಿಹಾಸದಲ್ಲಿ ಸಾಕ್ಷಿ ಇದೆ. ಮುಂದಿನ ಶತಮಾನಗಳಲ್ಲಿ ಎಷ್ಟೋ ಓಲೆಗರಿ ಕಟ್ಟುಗಳು ಮಠಗಳಲ್ಲಿ, ಮನೆಗಳಲ್ಲಿ ಪೂಜೆಯ ವಸ್ತುಗಳಾದವು. ಹೂವು ಏರಿಸೋರು, ಬಿಚ್ಚಿ ಓದೋರಲ್ಲ. ಅದನ್ನ ಬಿಚ್ಚೋಕೆ ಒಬ್ಬ ವ್ಯಕ್ತಿಯ ಹಟ ಬೇಕಾಯ್ತು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಸ್ವಾಮಿಗಳಲ್ಲ, ಪೀಠಾಧಿಪತಿಯಲ್ಲ. ಮನೆ ಮನೆ ಸುತ್ತಿ ಓಲೆಗರಿ ಕೂಡಿಸಿದರು, ಪಾಠಾಂತರ ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಅದಕ್ಕೂ ಮುಂಚೆ ಕೆಲವು ವಚನಗಳು ಅಚ್ಚಾಗಿದ್ದವು, ಆದರೆ ಈ ಪ್ರಮಾಣದಲ್ಲಲ್ಲ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಕೈಯಿಂದ ದುಡ್ಡು ಹಾಕಿ, ಮನೆ ಮಾರಿ ಪ್ರೆಸ್ಸು ನಡೆಸಿದರು. ನಂಬಿಕೆ ಸಂಸ್ಥೆಯೊಳಗೆ ನಿದ್ದೆ ಹೋಗಿತ್ತು, ಒಬ್ಬ ಮನುಷ್ಯ ಎಬ್ಬಿಸಿದ.

ಹಾಗೆ ಎಬ್ಬಿಸೋರಿಗೆ ಎಲ್ಲ ಕಾಲದಲ್ಲೂ ಹಾರ ಹಾಕ್ತಾರೆ ಅಂತಲ್ಲ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದ ಸಂಶೋಧನಾ ಲೇಖನಗಳಿಗಾಗಿ 1989ರಲ್ಲಿ ಧಾರ್ಮಿಕ ಒತ್ತಡಕ್ಕೆ ಸಿಕ್ಕಿ ತಮ್ಮ ಮಾತನ್ನ ಹಿಂತೆಗೆದುಕೊಳ್ಳಬೇಕಾಯ್ತು. ಅದೇ ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ರಾಜ್ಯ ಸರ್ಕಾರ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯ ಪ್ರಕಟಿಸಿತು. 2015ರ ಆಗಸ್ಟಿನಲ್ಲಿ ಧಾರವಾಡದ ಮನೆ ಬಾಗಿಲಲ್ಲೇ ಅವರನ್ನ ಗುಂಡಿಕ್ಕಿ ಕೊಂದರು. ಇವತ್ತು ‘ವಚನ ಸಂಚಯ’ ಅನ್ನೋ ಜಾಲತಾಣದಲ್ಲಿ ಒಂದು ಪದ ಟೈಪ್ ಮಾಡಿದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಅದು ಎಲ್ಲೆಲ್ಲಿದೆ ಅಂತ ಬರುತ್ತೆ. ನಾನು ನಿರ್ಲಜ್ಜೇಶ್ವರ ಅಂತ ಟೈಪ್ ಮಾಡಿದಾಗ ರಾತ್ರಿ ಹನ್ನೊಂದಾಗಿತ್ತು. ಅಂಬಿಗ, ಅಗಸ, ಗಣಿಕೆ, ವಿರಕ್ತ, ದಂಡನಾಯಕ, ವಕೀಲ, ಪ್ರೊಫೆಸರು, ಕೊನೆಗೆ ನಮ್ಮಂಥ ಕೋಡ್ ಬರೆಯೋರು. ಇಷ್ಟು ಜನ ಕೈಬದಲಿಸಿ ತಂದುಕೊಟ್ಟಿದ್ದನ್ನ ನಾನು ಹಾಸಿಗೆ ಮೇಲೆ ಮಲಗಿಕೊಂಡು ಓದ್ತಿದ್ದೆ.

ಇಷ್ಟೆಲ್ಲ ಓದಿ ನಾನೊಂದು ಉತ್ತರ ತಯಾರು ಮಾಡಿಕೊಂಡೆ. ಅಮ್ಮನಿಗೆ ಫೋನ್ ಮಾಡಿ ಸಿದ್ಧರಾಮನ ಕಥೆ ಪೂರ್ತಿ ಹೇಳಿದೆ. “ನೋಡಮ್ಮ, ಅಂಥವನಿಗೇ ಮೊದಲು ದೀಕ್ಷೆ ಇರ್ಲಿಲ್ಲ. ಇವಳು ದೊಡ್ಡೋಳಾಗ್ಲಿ, ಬೇಕು ಅನ್ಸಿದ್ರೆ ಅವಳೇ ಕೇಳ್ತಾಳೆ, ಆಗ ಮಾಡ್ಸೋಣ” ಅಂದೆ. ಒಳ್ಳೇ ವಾದ, ಒಪ್ತಾಳೆ ಅಂದುಕೊಂಡಿದ್ದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು: “ಆಗ್ಲಪ್ಪ, ಅವಳೇ ಕೇಳ್ಲಿ. ಆದ್ರೆ ಕೇಳ್ಬೇಕು ಅಂದ್ರೆ ಇಂಥದ್ದೊಂದು ಐತೆ ಅಂತಾದ್ರೂ ಅವಳಿಗೆ ಗೊತ್ತಿರ್ಬೇಕಲ್ಲ? ನಿಮ್ಮನೇಲಿ ಯಾರಿದ್ದೀರ ತೋರ್ಸೋಕೆ?”

ಎಂಟುನೂರು ವರ್ಷದ ಇತಿಹಾಸ ಓದಿ ನನಗೆ ಹೊಳೆದಿದ್ದನ್ನ ಅಮ್ಮ ಒಂದು ಕಾಲ್‌ನಲ್ಲಿ ಹೇಳಿಬಿಟ್ಟಳು. ನಂಬೋದು, ಬಿಡೋದು ಒಬ್ಬೊಬ್ಬರ ಸ್ವಂತ ವಿಚಾರ, ನಿಜ. ಆದರೆ ಬಿಡೋದಕ್ಕಾದರೂ ಅದು ಮೊದಲು ಕೈಗೆ ಬಂದಿರಬೇಕು. ನಾನು ಲಿಂಗವನ್ನ ಡ್ರಾಯರಿನಲ್ಲಿ ಇಟ್ಟೆ ಅಂದರೆ ಇಡೋದಕ್ಕೆ ಯಾರೋ ಕೊಟ್ಟಿದ್ದರು. ನನ್ನ ಸ್ವಾತಂತ್ರ್ಯವೂ ಅಜ್ಜಿ, ಅಮ್ಮ, ಆ ಜಗಳಗಂಟ ನೆಂಟರು, ಅಪ್ಪನಿಗೆ ಮುದ್ದೆ ಹಾಕಿದ ಮಠ, ಎಲ್ಲರೂ ಸೇರಿ ತಂದುಕೊಟ್ಟಿದ್ದೇ. ಮಗಳಿಗೆ ನಾನು ಕೊಡೋಕೆ ಹೊರಟಿದ್ದು ಆಯ್ಕೆ ಅಂತ ಅಂದುಕೊಂಡಿದ್ದೆ. ನಿಜವಾಗಿ ಕೊಡ್ತಿದ್ದಿದ್ದು ಖಾಲಿ ಡ್ರಾಯರು.

ಹಾಗಂತ ನಾನು ಬದಲಾಗಿ ವಿಭೂತಿ ಹಚ್ಚಿಕೊಂಡು ಕೂತಿದ್ದೀನಿ ಅಂತಲ್ಲ. ಅಜ್ಜಿಯನ್ನ ಸಂಜೆ ತನಕ ಕೂರಿಸಿದ್ದನ್ನ ಇನ್ನೂ ಮರೆತಿಲ್ಲ, ಮರೆಯೋದೂ ಇಲ್ಲ. ಯಾವ ಪಂಗಡ, ಯಾವ ಮಠ ಅನ್ನೋ ಮುದ್ರೆ ಮಗಳ ಮೇಲೆ ಬೀಳೋದು ನನಗೆ ಇಷ್ಟವಿಲ್ಲ. ದೀಕ್ಷೆಯ ದಿನ ಇನ್ನೂ ಗೊತ್ತು ಮಾಡಿಲ್ಲ, ಹೆಂಡತಿಗೂ ನನಗೂ ಆ ಮಾತು ಈಗ ತಾನೇ ಶುರುವಾಗಿದೆ.

ಆದರೆ ಬೇಸಿಗೆ ರಜೆಗೆ ಮಗಳನ್ನ ಒಂದು ತಿಂಗಳು ಊರಲ್ಲಿ ಬಿಟ್ಟು ಬಂದೆವು. ವಾಪಸ್ ಕರ್ಕೊಂಡು ಬರೋಕೆ ಹೋದ ದಿನ ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಮಣೆ ಮೇಲೆ ಕೂತು ಕರಡಿಗೆ ಬಿಚ್ಚಿದ್ದಳು. ಪಕ್ಕದಲ್ಲಿ ಇವಳು, ಕೆದರಿದ ಕೂದಲು, ಇನ್ನೂ ಮುಖ ತೊಳೆದಿಲ್ಲ. ಅಂಗೈ ಮೇಲಿದ್ದ ಆ ಕಪ್ಪು ಲಿಂಗವನ್ನೇ ಬಗ್ಗಿ ನೋಡ್ತಾ ಕೇಳಿದಳು:

“ಅಜ್ಜಿ, ಏನ್ ಕೇಳ್ಕೊಂಡ್ರಿ?”

ಅಮ್ಮ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ನಾನು ಹಲ್ಲುಜ್ಜೋಕೆ ಹಿತ್ತಲಿಗೆ ಹೋದೆ. ಆ ಉತ್ತರ ನನಗಲ್ಲ, ಅವಳಿಗೆ.